ನೀರುಗಂಟಿಗೆ ಪಾಠ ಹೇಳಿದರೆ ಏನಾಗುತ್ತೆ?

50 ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ ಎಷ್ಟು ಬ್ಲೀಚಿಂಗ್ ಪುಡಿ ಹಾಕಬೇಕು? ನಿಮ್ಮೂರಿನ ನೀರುಗಂಟಿಯನ್ನು ಒಮ್ಮೆ ಕೇಳಿ ನೋಡಿ. ನಾನು ನಮ್ಮ ಸುತ್ತಿನ ನಾಲ್ಕೈದು ಊರಲ್ಲಿ ಕೇಳಿದೆ. ಒಬ್ಬರು ಎರಡು ಬೊಗಸೆ ಅಂದರು. ಇನ್ನೊಬ್ಬರು ತೆಂಗಿನ ಚಿಪ್ಪಲ್ಲಿ ಒಂದು ಅಳತೆ ಅಂದರು. ಮೂರನೆಯವರು, "ಪುಡಿ ಇದ್ದಾಗ ಹಾಕ್ತೀನಿ, ಇಲ್ದಿದ್ರೆ ಇಲ್ಲ ಕಣಣ್ಣ" ಅಂತ ಇದ್ದದ್ದು ಇದ್ದ ಹಾಗೆ ಹೇಳಿದರು. ಒಬ್ಬರು ಮಾತ್ರ, "ಟ್ಯಾಂಕು ತುಂಬಿದ್ರೆ 125 ಗ್ರಾಂ. ಅರ್ಧ ಇದ್ರೆ ಅದರ ಅರ್ಧ. ಪುಡಿ ಹಳೇದಾಗಿದ್ರೆ ಜಾಸ್ತಿ ಬೇಕು, ಅದನ್ನ ಕೊನೇ ನಲ್ಲೀಲಿ ನೋಡಿ ಹೇಳ್ಬೇಕು" ಅಂದರು.

ಈ ನಾಲ್ವರ ಓದೂ ಹೆಚ್ಚು ಕಮ್ಮಿ ಒಂದೇ. ಯಾರೂ ಹೈಸ್ಕೂಲು ಮುಗಿಸಿದವರಲ್ಲ. ಸಂಬಳವೂ ಒಂದೇ. ಇರುವ ವ್ಯತ್ಯಾಸ ಇಷ್ಟೆ: ಆ ಒಬ್ಬರಿಗೆ ಯಾರೋ ಟ್ಯಾಂಕಿನ ಬುಡದಲ್ಲೇ ನಿಂತು ಎರಡು ದಿನ ಕಲಿಸಿದ್ದರು. ಉಳಿದವರಿಗೆ ಯಾರೂ ಏನೂ ಕಲಿಸಿರಲಿಲ್ಲ.

ಪಂಚಾಯ್ತಿ ನೌಕರರ ತರಬೇತಿ ವಿಚಾರ ಕೃಷಿ ಪತ್ರಿಕೆಗೆ ಯಾಕೆ ಅಂತ ಕೆಲವರು ಕೇಳಬಹುದು. ನಮ್ಮ ಕಡೆ ವಾಂತಿಭೇದಿ ಬರೋದು ಮುಂಗಾರಿನ ಮೊದಲ ಮಳೆ ಬಿದ್ದಾಗ. ಕಡ್ಲೆಕಾಯಿ ಬಿತ್ತನೆಯ ಹದ ಬರೋದೂ ಅದೇ ವಾರ. ಮನೇಲಿ ಇಬ್ಬರು ಮಲಗಿದರೆ, ಒಬ್ಬರು ಆಸ್ಪತ್ರೆಗೆ ಓಡಾಡಿದರೆ, ಹದ ಹೋಯ್ತು ಅಂತಲೇ ಲೆಕ್ಕ. ಮಳೆ ನಂಬಿದ ಬೇಸಾಯಗಾರನಿಗೆ ಆ ಐದು ದಿನ ಅಂದರೆ ಒಂದು ವರ್ಷ. ಇನ್ನು ಜೀವದ ಮಾತು ಬೇರೆ. 2022ರಲ್ಲಿ ರಾಯಚೂರಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದ ಜನ ಸತ್ತ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅವು ಪಟ್ಟಣದ ನೀರು. ಹಳ್ಳಿಯ ನೀರು ಇನ್ನೂ ಕಮ್ಮಿ ಜನರ ಕಣ್ಣಿಗೆ ಬೀಳುತ್ತೆ.

ಯಾರಿಗೆ ತರಬೇತಿ, ಯಾರಿಗೆ ಇಲ್ಲ

ನಮ್ಮ ರಾಜ್ಯದಲ್ಲಿ ಆರು ಸಾವಿರದ ಹತ್ತಿರ ಗ್ರಾಮ ಪಂಚಾಯ್ತಿಗಳಿವೆ. ಒಂದೊಂದರಲ್ಲೂ ಪಿಡಿಒ, ಕಾರ್ಯದರ್ಶಿ ಇಲ್ಲವೇ ಲೆಕ್ಕ ಸಹಾಯಕ, ಬಿಲ್ ಕಲೆಕ್ಟರ್, ಕಂಪ್ಯೂಟರ್ ನೋಡಿಕೊಳ್ಳುವವರು, ಜವಾನ, ಕಸ ಗುಡಿಸುವವರು, ಊರಿಗೊಬ್ಬರಂತೆ ನೀರುಗಂಟಿ. 1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ ತರಬೇತಿಗೆ ಕೊರತೆ ಏನೂ ಇಲ್ಲ. ಮೈಸೂರಲ್ಲಿ ಅದಕ್ಕೇ ಅಂತ ಒಂದು ರಾಜ್ಯ ಸಂಸ್ಥೆ ಇದೆ. ಅದಕ್ಕೆ ಅಬ್ದುಲ್ ನಜೀರ್ ಸಾಬರ ಹೆಸರು. 1983ರ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು ಅವರು. 1988ರಲ್ಲಿ ತೀರಿಕೊಂಡರು. ನಮ್ಮೂರ ಹಿರಿಯರು ಈಗಲೂ ಹಳೇ ಕೈಪಂಪು ತೋರಿಸಿ ಅವರ ಹೆಸರು ಹೇಳ್ತಾರೆ.

2000ದ ನಂತರದ ವರ್ಷಗಳಲ್ಲಿ ಉಪಗ್ರಹದ ಮೂಲಕವೂ ತರಬೇತಿ ನಡೀತು. ತಾಲ್ಲೂಕು ಪಂಚಾಯ್ತಿ ಸಭಾಂಗಣದಲ್ಲಿ ಟೀವಿ ಮುಂದೆ ಕೂರೋದು, ಮೈಸೂರಿಂದ ತಜ್ಞರು ಮಾತಾಡೋದು, ನಮ್ಮ ಕಡೆಯವರು ಫೋನಲ್ಲಿ ಪ್ರಶ್ನೆ ಕೇಳೋದು. ಒಂದು ಅವಧಿಗೆ ಸದಸ್ಯನಾಗಿದ್ದಾಗ ನಾನೂ ಅಲ್ಲಿ ಕೂತಿದ್ದೆ. ಕಾಯ್ದೆ ಅಂದರೆ ಏನು, ಗ್ರಾಮಸಭೆ ಹೇಗೆ ನಡೆಸಬೇಕು, ಸ್ಥಾಯಿ ಸಮಿತಿಗೆ ಏನು ಅಧಿಕಾರ ಅನ್ನೋದು ನನಗೆ ತಿಳಿದದ್ದು ಅಲ್ಲೇ. ಬರೀ ಊಟ ಮಾಡಿ ಬಂದೆ ಅಂತ ಹೇಳಿದರೆ ಅನ್ನ ಕೊಟ್ಟವರಿಗೆ ಮೋಸ.

ಆದರೆ ಒಂದು ವಿಚಾರ ಗಮನಿಸಿ. ಈ ತರಬೇತಿಗಳೆಲ್ಲ ಮೇಲಿಂದ ಕೆಳಕ್ಕೆ ಇಳಿಯುತ್ತಾ ತೆಳ್ಳಗಾಗುತ್ತವೆ. ಪಿಡಿಒಗೆ ವಾರಗಟ್ಟಲೆ. ಕಾರ್ಯದರ್ಶಿಗೆ ದಿನಗಟ್ಟಲೆ. ಬಿಲ್ ಕಲೆಕ್ಟರಿಗೆ ಒಂದು ದಿನ. ನೀರುಗಂಟಿಗೆ ಬರುವ ಹೊತ್ತಿಗೆ ನಲ್ಲಿಯ ಕೊನೇ ಮನೆಗೆ ಬರುವ ನೀರಿನ ಹಾಗೆ, ಬಂದರೆ ಬಂತು. ಸಭಾಂಗಣದ ಬಾಗಿಲು ತೆಗೆಯೋದು, ಕುರ್ಚಿ ಜೋಡಿಸೋದು ಮಾತ್ರ ಅವರ ಪಾಲಿಗೆ.

ಇದರಲ್ಲಿ ಇನ್ನೊಂದು ತಿರುವು ಇದೆ. ಪಿಡಿಒ ನಮ್ಮಲ್ಲಿ ಮೂರು ವರ್ಷ ಇದ್ದರೆ ಹೆಚ್ಚು. ಅವರಿಗೆ ವರ್ಗಾವಣೆ ಆಗುತ್ತೆ, ಕಲಿತದ್ದು ಅವರ ಜೊತೆ ಬೇರೆ ತಾಲ್ಲೂಕಿಗೆ ಹೋಗುತ್ತೆ. ಅಲ್ಲಿಯವರಿಗೆ ಒಳ್ಳೇದಾಗಲಿ, ಬೇಡ ಅನ್ನಲ್ಲ. ಆದರೆ ನೀರುಗಂಟಿ ಎಲ್ಲೂ ಹೋಗಲ್ಲ. ಇಪ್ಪತ್ತೈದು, ಮೂವತ್ತು ವರ್ಷ ಅದೇ ಊರು, ಅದೇ ವಾಲ್ವು, ಅದೇ ಮೋಟಾರು. ಅವರಿಗೆ ಹೇಳಿದ ಒಂದು ಮಾತು ಮೂವತ್ತು ವರ್ಷ ಊರಲ್ಲೇ ಉಳಿಯುತ್ತೆ. ಹೋಗುವವರಿಗೆ ಕಲಿಸಿ, ಉಳಿಯುವವರನ್ನು ಬಿಡೋದು ಯಾವ ಲೆಕ್ಕ? ಮೇವು ಹಾಕುವಾಗ ನಾಳೆ ಸಂತೆಗೆ ಹೋಗೋ ಎತ್ತನ್ನೇ ನೋಡಿಕೊಂಡ ಹಾಗಾಯ್ತು.

ಹಳೇ ನೀರುಗಂಟಿಗೆ ತರಬೇತಿ ಇರಲಿಲ್ಲವೇ? ಇತ್ತು. ಕೆರೆಯ ತೂಬು ಎತ್ತುವ ನೀರುಗಂಟಿ ತನ್ನ ಅಪ್ಪನ ಹಿಂದೆ ಹತ್ತು ವರ್ಷ ತಿರುಗಿ ಕಲಿತಿರುತ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು, ನೀರು ಕಮ್ಮಿಯಾದ ವರ್ಷ ಯಾರಿಗೆ ಮೊದಲು, ಯಾವ ಕಾಲುವೆಯಲ್ಲಿ ಏಡಿ ತೂತು ಮಾಡುತ್ತೆ ಎಲ್ಲ ಗೊತ್ತು. ಅದಕ್ಕೆ ಊರವರು ಕಣದಲ್ಲಿ ಆಯ ಕೊಡುತ್ತಿದ್ದರು. ಕೆರೆ ಒಣಗಿತು, ಬೋರ್‌ವೆಲ್ ಬಂತು, ಹೆಸರು ಮಾತ್ರ ಉಳೀತು. ಪೈಪು, ಮೋಟಾರು, ಪ್ಯಾನಲ್ ಬೋರ್ಡು, ಕ್ಲೋರಿನ್ನು ಇವನ್ನು ಅಪ್ಪ ಕಲಿಸಲು ಸಾಧ್ಯವಿಲ್ಲ. ಆ ಜಾಗಕ್ಕೆ ಪಂಚಾಯ್ತಿ ಬರಬೇಕಿತ್ತು, ಬರಲಿಲ್ಲ.

ಟ್ಯಾಂಕಿನ ಬುಡದ ಶಾಲೆ

2016ರ ಮುಂಗಾರಲ್ಲಿ ನಮ್ಮ ಪಂಚಾಯ್ತಿಯ ಒಂದು ಹಟ್ಟಿಯಲ್ಲಿ ವಾಂತಿಭೇದಿ ಬಂತು. ಒಂದೇ ವಾರದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಯಾರೂ ಸಾಯಲಿಲ್ಲ, ಅದು ನಮ್ಮ ಪುಣ್ಯ. ಎಲ್ಲರೂ ನೀರುಗಂಟಿಯನ್ನು ಬೈದರು. ಅವರು ಪುಡಿ ಹಾಕಿದ್ದರು, ನಾನೇ ಕಂಡಿದ್ದೆ. ಏಣಿ ಹತ್ತಿ ಮುಚ್ಚಳ ತೆಗೆದು ಎರಡು ಬೊಗಸೆ ಪುಡಿ ಮೇಲಿಂದ ಎಸೆದು ಇಳಿದಿದ್ದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಮಾರನೇ ವರ್ಷ ಪಂಚಾಯ್ತಿಯವರು ಒಂದು ಒಳ್ಳೇ ಕೆಲಸ ಮಾಡಿದರು. ಕುಡಿಯುವ ನೀರಿನ ಇಲಾಖೆಯಲ್ಲಿದ್ದು ನಿವೃತ್ತರಾದ ಒಬ್ಬ ಇಂಜಿನಿಯರನ್ನು ಕೇಳಿಕೊಂಡು ಎರಡು ದಿನ ಕರೆಸಿದರು. ನಮ್ಮ ಪಂಚಾಯ್ತಿಯ ಆರು ಜನ ನೀರುಗಂಟಿಗಳು, ಪಕ್ಕದ ಪಂಚಾಯ್ತಿಯಿಂದ ಐದು ಜನ. ಊರಿನ ನೀರು ಸಮಿತಿಯಿಂದ ನಾನೂ ಹೋಗಿದ್ದೆ. ಸಭಾಂಗಣ ಇಲ್ಲ, ಬ್ಯಾನರ್ ಇಲ್ಲ. ಹಟ್ಟಿಯ ಟ್ಯಾಂಕಿನ ನೆರಳಲ್ಲಿ ಒಂದು ಜಮಖಾನ, ಅಷ್ಟೆ.

ಆ ಮನುಷ್ಯ ಮೊದಲ ಒಂದು ಗಂಟೆ ಏನೂ ಹೇಳಲೇ ಇಲ್ಲ. "ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರಿಸಿ ಸ್ವಾಮಿ" ಅಂದು ಕೂತರು. ಬಹಳ ಜನ ಒಣ ಪುಡಿಯನ್ನೇ ಎಸೆದರು. ಆಮೇಲೆ ಅವರು ಒಂದು ಗಾಜಿನ ಲೋಟದಲ್ಲಿ ನೀರು ತೆಗೆದು ಚಿಟಿಕೆ ಪುಡಿ ಹಾಕಿ ಎಲ್ಲರ ಮುಂದೆ ಇಟ್ಟರು. ಹತ್ತು ನಿಮಿಷದಲ್ಲಿ ಸುಣ್ಣ ತಳಕ್ಕೆ ಕೂತಿತು. "ಟ್ಯಾಂಕಲ್ಲೂ ಇದೇ ಆಗೋದು. ಗಂಟು ಗಂಟಾಗಿ ಒಂದು ಮೂಲೇಲಿ ಕೂರುತ್ತೆ. ಒಂದು ಮನೆಗೆ ಘಾಟು ನೀರು, ಇನ್ನೊಂದು ಮನೆಗೆ ಏನೂ ಇಲ್ದ ನೀರು" ಅಂದರು.

ಸರಿಯಾದ ಕ್ರಮ ಹೀಗೆ. ಸಾವಿರ ಲೀಟರ್ ನೀರಿಗೆ ಎರಡೂವರೆ ಗ್ರಾಂ ಒಳ್ಳೇ ಪುಡಿ. ಹೊಸ ಪುಡಿಯಲ್ಲಿ ಸುಮಾರು ಶೇ. 33 ಕ್ಲೋರಿನ್ ಇರುತ್ತೆ. ಪ್ಲಾಸ್ಟಿಕ್ ಬಕೆಟ್ಟಲ್ಲಿ ಮೊದಲು ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹಾಗೆ ಕಲೆಸಬೇಕು. ಮೇಲೆ ಮುಕ್ಕಾಲು ಬಕೆಟ್ ನೀರು ಹಾಕಿ ಕದಡಿ ಐದ್ಹತ್ತು ನಿಮಿಷ ಬಿಡಬೇಕು. ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ, ಗಸಿ ಹೊರಗೆ. ಹಾಕಿದ ತಕ್ಷಣ ನೀರು ಬಿಡಬಾರದು. ಕಮ್ಮಿಯೆಂದರೆ ಅರ್ಧ ಗಂಟೆ, ಆದರೆ ಒಂದು ಗಂಟೆ ಕಾಯಬೇಕು. ಕ್ರಿಮಿ ಸಾಯಲು ಅಷ್ಟು ಹೊತ್ತು ಬೇಕು. ನೀರು ರಾಡಿಯಾಗಿದ್ದರೆ ಕ್ಲೋರಿನ್ ಆ ರಾಡಿಗೇ ಖರ್ಚಾಗಿ ಹೋಗುತ್ತೆ, ಅಳತೆ ಹೆಚ್ಚಿಸಬೇಕು. ಕಡ್ಲೆಕಾಯಿ ಬೀಜಕ್ಕೆ ಔಷಧಿ ಹಚ್ಚುವಾಗ ಕಿಲೋಗೆ ಇಷ್ಟೇ ಗ್ರಾಂ ಅಂತ ನಾವು ಅಳೀತೀವಲ್ಲ, ಇದೂ ಹಾಗೇ.

125 ಗ್ರಾಂ ಅಂತ ಹೇಳೋದು ಸುಲಭ. ನೀರುಗಂಟಿ ಹತ್ತಿರ ತಕ್ಕಡಿ ಎಲ್ಲಿದೆ? ಅದಕ್ಕೂ ಅವರು ದಾರಿ ತೋರಿಸಿದರು. ಅಂಗಡಿಯಿಂದ ತಕ್ಕಡಿ ತರಿಸಿ ಪುಡಿ ತೂಗಿ ಒಂದು ಪ್ಲಾಸ್ಟಿಕ್ ಲೋಟಕ್ಕೆ ಹಾಕಿ, ಎಲ್ಲಿಗೆ ಬಂತೋ ಅಲ್ಲಿಗೆ ಬಣ್ಣದಲ್ಲಿ ಗೆರೆ ಎಳೆಸಿದರು. ಪ್ರತಿಯೊಬ್ಬರೂ ತಮ್ಮ ಟ್ಯಾಂಕಿನ ಅಳತೆಗೆ ತಕ್ಕ ಹಾಗೆ ತಮ್ಮದೇ ಲೋಟ ಮಾಡಿಕೊಂಡರು. ನಾನು ಕಂಡ ತರಬೇತಿಗಳಲ್ಲಿ ಅತಿ ಕಮ್ಮಿ ಖರ್ಚಿನದು, ಅತಿ ಹೆಚ್ಚು ಬಾಳಿಕೆ ಬಂದದ್ದು ಈ ಲೋಟ.

ಇನ್ನೊಂದು ಪಾಠ ಎಲ್ಲರ ತಲೆಗೂ ಹೊಕ್ಕಿತು. ಹೊಸದಾಗಿ ಬಿಚ್ಚಿದ ಚೀಲದ ಪುಡಿ ಒಂದಷ್ಟು, ಪಂಚಾಯ್ತಿ ಆಫೀಸಿನ ಮೂಲೆಯಲ್ಲಿ ಬಾಯಿ ತೆರೆದು ಬಿದ್ದಿದ್ದ ಹೋದ ವರ್ಷದ ಪುಡಿ ಒಂದಷ್ಟು. ಒಂದೇ ತೂಕ, ಎರಡು ಬಕೆಟ್ಟು. ಪರೀಕ್ಷೆಯ ಔಷಧಿ ಹನಿ ಹಾಕಿದಾಗ ಒಂದು ಗಾಢ ಹಳದಿ, ಇನ್ನೊಂದರಲ್ಲಿ ಬಣ್ಣ ಇತ್ತೋ ಇಲ್ಲವೋ. ಗಾಳಿ, ತೇವ, ಬಿಸಿಲು ತಾಗಿದರೆ ಕ್ಲೋರಿನ್ ಹಾರಿಹೋಗಿ ಸುಣ್ಣ ಉಳಿಯುತ್ತೆ. "ಹಂಗಾದ್ರೆ ನಾವು ಇಷ್ಟು ದಿನ ಊರಿಗೆ ಸುಣ್ಣ ಕುಡಿಸ್ತಿದ್ವಾ ಸಾರ್?" ಅಂತ ಒಬ್ಬರು ಕೇಳಿದರು. ಯಾರೂ ನಗಲಿಲ್ಲ.

ಮಧ್ಯಾಹ್ನ ಪೈಪಿನ ಜೊತೆ ನಡೆದೆವು. ಇಲ್ಲಿ ಪಾಠ ತಿರುಗುಮುರುಗಾಯ್ತು. ಯಾವ ವಾಲ್ವು ಎಲ್ಲಿ ಹೂತಿದೆ, ಎಲ್ಲಿ ಒಸರುತ್ತೆ, ಎಲ್ಲಿ ಪೈಪು ಚರಂಡಿಯೊಳಗೇ ಹಾದು ಹೋಗುತ್ತೆ ಅನ್ನೋದು ಇಲಾಖೆಯ ನಕ್ಷೆಯಲ್ಲಿ ಇರಲಿಲ್ಲ, ನೀರುಗಂಟಿಯ ತಲೆಯಲ್ಲಿತ್ತು. ಇಂಜಿನಿಯರು ಅದನ್ನೆಲ್ಲ ಬರಕೊಂಡರು. ನೀರು ಬಿಟ್ಟಾಗ ಪೈಪಿನಿಂದ ಹೊರಕ್ಕೆ ಒಸರುತ್ತೆ, ನಿಲ್ಲಿಸಿದಾಗ ಒಳಗೆ ಎಳೆತ ಉಂಟಾಗಿ ಅದೇ ತೂತಿಂದ ಚರಂಡಿ ನೀರು ಒಳಕ್ಕೆ ಹೋಗುತ್ತೆ ಅಂತ ಅವರು ಬಿಡಿಸಿ ಹೇಳಿದರು. ಹಟ್ಟಿಯ ಕೊನೆಯಲ್ಲಿ ಒತ್ತಡ ಸಾಲದೆ ಜನ ಗುಂಡಿ ತೋಡಿ ನಲ್ಲಿ ಇಳಿಸಿಕೊಂಡಿದ್ದರು. ಆ ಗುಂಡಿಯಲ್ಲಿ ಪಾತ್ರೆ ತೊಳೆದ ನೀರು ನಿಂತಿತ್ತು. 2016ರಲ್ಲಿ ಕಾಯಿಲೆ ಶುರುವಾದದ್ದು ಅದೇ ಸಾಲಿನ ಮನೆಗಳಲ್ಲಿ. ಟ್ಯಾಂಕಲ್ಲಿ ಪುಡಿ ಹಾಕಿ ಕೈತೊಳಕೊಂಡರೆ ಸಾಲದು, ಕೊನೇ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು ಅನ್ನೋದಕ್ಕೆ ಕಾರಣ ಇದೇ. ದಾರಿಯಲ್ಲಿ ಕೊಳೆ ಸೇರಿದರೂ ಕೊಲ್ಲಲು ಅಷ್ಟು ಶಕ್ತಿ ಮಿಕ್ಕಿರಬೇಕು.

ಆಮೇಲೆ ಏನು ಬದಲಾಯ್ತು

ಮೊದಲು ನಿಂತದ್ದು ಜಗಳ. ಮುಂಚೆ ಪುಡಿ ಹಾಕಿದ ದಿನ ಘಾಟು, ಕಾಫಿ ಕೆಡುತ್ತೆ, ಮುದ್ದೆಗೂ ವಾಸನೆ ಅಂತ ಹೆಂಗಸರು ನೀರು ಚೆಲ್ಲುತ್ತಿದ್ದರು. ಸದಸ್ಯರು ಬಂದು, "ಹಾಕ್ಬೇಡಪ್ಪ, ವೋಟು ಹೋಗುತ್ತೆ" ಅಂತ ನೀರುಗಂಟಿಗೆ ಹೇಳಿದ್ದೂ ಉಂಟು. ಅಳತೆ ಸರಿಯಾದ ಮೇಲೆ ಘಾಟು ಹೋಯ್ತು. ಹಾಕಿದ್ದಾರೋ ಇಲ್ಲವೋ ಗೊತ್ತಾಗದಷ್ಟು. ಪುಡಿಯ ಖರ್ಚೂ ಇಳೀತು, ಎರಡು ಬೊಗಸೆ ಅಂದರೆ 125 ಗ್ರಾಮಿಗಿಂತ ಎಷ್ಟೋ ಹೆಚ್ಚು. ಚೀಲದ ಪುಡಿಯನ್ನು ಬಿಗಿ ಮುಚ್ಚಳದ ಡ್ರಮ್ಮಿಗೆ ಸುರಿದು ಒಣ ಜಾಗದಲ್ಲಿ ಇಡಲು ಶುರು ಮಾಡಿದರು. ಟ್ಯಾಂಕು ತೊಳೆದ ತಾರೀಖು ಕಂಬದ ಮೇಲೆ ಬರೆಯೋದು ರೂಢಿಗೆ ಬಂತು.

ಆ ಹಟ್ಟಿಯಲ್ಲಿ ಆಮೇಲೆ ಅಂಥ ಮುಂಗಾರು ಬಂದಿಲ್ಲ. ಇದೆಲ್ಲ ತರಬೇತಿಯ ಫಲ ಅಂತ ನಾನು ಎದೆ ತಟ್ಟಿ ಹೇಳಲ್ಲ. ಚರಂಡಿಯೊಳಗಿನ ಪೈಪನ್ನೂ ಅದೇ ವರ್ಷ ಬದಲಾಯಿಸಿದರು. ಆದರೆ ಆ ಪೈಪು ಅಲ್ಲಿದೆ ಅಂತ ಪಂಚಾಯ್ತಿಗೆ ಗೊತ್ತಾದದ್ದು ತರಬೇತಿಯ ಆ ನಡಿಗೆಯಿಂದ.

ಎರಡನೇ ದಿನದ ಪಾಠ ಮೋಟಾರಿನದು. ಇದು ನಮ್ಮ ತೋಟದ ಬೋರಿಗೂ ಬರುವ ಮಾತು. ಪ್ಯಾನಲ್ ಬೋರ್ಡಲ್ಲಿ ಆಂಪಿಯರ್ ಮುಳ್ಳು ಇರುತ್ತಲ್ಲ, ಅದನ್ನು ಹೆಚ್ಚಿನ ನೀರುಗಂಟಿಗಳು ನೋಡಿದವರೇ ಅಲ್ಲ. ಮೋಟಾರು ಚೆನ್ನಾಗಿ ಓಡುವಾಗ ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ಬೋರ್ಡಿನ ಬಾಗಿಲ ಮೇಲೆ ಬರೆದಿಡಲು ಹೇಳಿದರು. ಮುಳ್ಳು ಅದಕ್ಕಿಂತ ಬಹಳ ಕೆಳಗಿಳಿದರೆ ಬೋರಲ್ಲಿ ನೀರು ಸೋತಿದೆ, ಪಂಪು ಬರೀ ಗಾಳಿ ಎಳೀತಿದೆ, ಕೂಡಲೇ ನಿಲ್ಲಿಸಿ. ಮೇಲೆ ಹೋದರೆ ವೋಲ್ಟೇಜ್ ಕಮ್ಮಿ, ಇಲ್ಲವೇ ಪಂಪು ಬಿಗಿದಿದೆ, ಇಲ್ಲವೇ ಒಂದು ಫೇಸು ಹೋಗಿ ಉಳಿದೆರಡರ ಮೇಲೆ ಭಾರ ಬಿದ್ದಿದೆ. ಆಗ ಓಡಿಸಿದರೆ ಕಾಯಿಲ್ ಸುಡುತ್ತೆ. ಒಂದು ಫೇಸು ಹೋದಾಗ ತಾನೇ ನಿಲ್ಲಿಸುವ ಪ್ರಿವೆಂಟರ್ ನಾಲ್ಕು ಊರಲ್ಲಿ ಇತ್ತು. ಮೂರು ಕಡೆ ಅದನ್ನು ಬೈಪಾಸ್ ಮಾಡಿ ತಂತಿ ಸುತ್ತಿದ್ದರು. ಪದೇ ಪದೇ ನಿಲ್ಲುತ್ತೆ, ಜನ ಬೈತಾರೆ ಅಂತ! ಅದು ಯಾಕೆ ನಿಲ್ಲುತ್ತೆ ಅಂತ ಯಾರೂ ಅವರಿಗೆ ಹೇಳಿರಲೇ ಇಲ್ಲ.

ವರ್ಷಕ್ಕೆ ಎರಡು ಸಲ ಮೋಟಾರು ಎತ್ತಿಸಿ ರಿವೈಂಡಿಂಗ್ ಮಾಡಿಸುತ್ತಿದ್ದದ್ದು ನಮ್ಮೂರಲ್ಲಿ ನಿಂತಿತು. ಎತ್ತುವ ಗಾಡಿ ಬಾಡಿಗೆ, ಕಾಯಿಲ್ ಕೂಲಿ, ನಡುವೆ ನಾಲ್ಕು ದಿನ ಟ್ಯಾಂಕರ್ ನೀರು. ಅದರ ಲೆಕ್ಕ ನಮ್ಮಂಥ ಬೋರ್ ಇಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಳದಿ ಸೀಸೆ ಖಾಲಿಯಾದಾಗ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಆಗುತ್ತೆ. ಕೊನೇ ನಲ್ಲಿಯ ಪರೀಕ್ಷೆಗೆ ಒಂದು ಪುಟ್ಟ ಪೆಟ್ಟಿಗೆ ಕೊಟ್ಟಿದ್ದರು. ಅದರಲ್ಲಿ ಹನಿ ಹಾಕುವ ಸೀಸೆ, ಬಣ್ಣ ಹೋಲಿಸುವ ಪಟ್ಟಿ. ಮೂರು ತಿಂಗಳು ನೀರುಗಂಟಿ ದಿನಾ ಹಟ್ಟಿಯ ಕೊನೇ ಮನೆಗೆ ಹೋಗಿ ಹಳದಿ ನೋಡಿ ಪುಸ್ತಕದಲ್ಲಿ ಬರೆದರು. ನಾಲ್ಕನೇ ತಿಂಗಳು ಸೀಸೆ ಖಾಲಿ. ಪಂಚಾಯ್ತಿಗೆ ಹೇಳಿದರು, ತಾಲ್ಲೂಕಿಗೆ ಪತ್ರ ಹೋಯ್ತು. ಅಷ್ಟರಲ್ಲಿ ಪಿಡಿಒ ವರ್ಗವಾದರು. ಹೊಸಬರು ಬಂದು ಕಡತ ನೋಡುವ ಹೊತ್ತಿಗೆ ಎಂಟು ತಿಂಗಳು. ಆ ಪುಸ್ತಕದಲ್ಲಿ ಎಂಟು ತಿಂಗಳ ಹಾಳೆ ಖಾಲಿ ಇದೆ. "ಕಲ್ಸಿದ್ರು, ಆದ್ರೆ ಕೈಗೆ ಏನೂ ಕೊಡ್ಲಿಲ್ಲ" ಅಂತ ನೀರುಗಂಟಿ ನನ್ನ ಹತ್ತಿರ ಬೇಜಾರು ಪಟ್ಟರು. ಕಲಿಯದವನಿಗೆ ಈ ಬೇಜಾರು ಇರಲ್ಲ, ಅವನಿಗೆ ಸೀಸೆ ಖಾಲಿಯಾದದ್ದೇ ಗೊತ್ತಾಗಲ್ಲ.

ದುಡ್ಡಿಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದರು. ಅದರಲ್ಲಿ ಒಂದು ಸೀಸೆ ಹನಿ ಎಷ್ಟರದು?

ಜಲ ಜೀವನ್ ಯೋಜನೆ 2019ರಲ್ಲಿ ಶುರುವಾದ ಮೇಲೆ ಊರಿಗೆ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಬಂತು. ಒಳ್ಳೇ ಯೋಚನೆ. ನಮ್ಮಲ್ಲಿ ಕಲಿತವರಲ್ಲಿ ಒಬ್ಬಳು ಮದುವೆಯಾಗಿ ಬೇರೆ ಊರಿಗೆ ಹೋದಳು, ಇಬ್ಬರು ಬಿಟ್ಟೇಬಿಟ್ಟರು, ಉಳಿದಿಬ್ಬರು ಈಗಲೂ ಮಾಡ್ತಾರೆ. ಅವರಲ್ಲಿ ಒಬ್ಬಾಕೆಯಿಂದ ಊರಿಗೆ ಒಂದು ದೊಡ್ಡ ತಪ್ಪು ತಿಳುವಳಿಕೆ ಹೋಯ್ತು. ಬ್ಲೀಚಿಂಗ್ ಹಾಕಿದರೆ, ಇಲ್ಲವೇ ಕಾಯಿಸಿದರೆ, ಫ್ಲೋರೈಡೂ ಹೋಗುತ್ತೆ ಅಂತ ನಮ್ಮ ಜನ ನಂಬಿದ್ದರು. ಎರಡರಿಂದಲೂ ಹೋಗಲ್ಲ. ಕಾಯಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ಬೋರನ್ನು ಕುಡಿಯಲು ಬಿಡಬಾರದು. ಪಾವಗಡದ ಕಡೆ ಹಲ್ಲು ಕಂದಾದ ಮಕ್ಕಳು, ಮೊಣಕಾಲು ಬಗ್ಗದ ಹಿರಿಯರನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ. ಎರಡು ಬೋರಲ್ಲಿ ಒಂದನ್ನು ದನಕ್ಕೆ, ಬಳಕೆಗೆ ಮಾತ್ರ ಅಂತ ನಾವು ಬಿಟ್ಟದ್ದು ಆಕೆ ಪಟ್ಟು ಹಿಡಿದು ಲ್ಯಾಬಿಗೆ ನೀರು ಕಳಿಸಿದ ಮೇಲೆ.

ಆಫೀಸಿನ ಒಳಗಿನ ಕೆಲಸದ ಬಗ್ಗೆ ಹೆಚ್ಚು ಬರೆಯಲ್ಲ, ಅದು ಎಲ್ಲರಿಗೂ ಕಾಣುವಂಥದ್ದೇ. ಇ-ಸ್ವತ್ತು ಬಂದಾಗ ನಮೂನೆ 9, 11 ಅಂತ ಜನ ತಿಂಗಳುಗಟ್ಟಲೆ ಅಲೆದರು. ನಮ್ಮ ಕಂಪ್ಯೂಟರ್ ಹುಡುಗ ಪಕ್ಕದ ಪಂಚಾಯ್ತಿಯ ಹುಡುಗನಿಗೆ ಫೋನ್ ಮಾಡಿ ಮಾಡಿ ಕಲಿತ. ಅವರಿಬ್ಬರ ಫೋನ್ ಬಿಲ್ಲೇ ಆಗ ನಮ್ಮ ತರಬೇತಿ ಕೇಂದ್ರ.

ಹದಿನೈದು ದಿನಕ್ಕೊಂದು ದಿನ

ಒಂದು ಸಲ ಕಲಿಸಿ ಬಿಟ್ಟರೆ ಸಾಕೇ? ಇದಕ್ಕೆ ಉತ್ತರ ನಮ್ಮ ಕೃಷಿಯಲ್ಲೇ ಇದೆ. 1970ರ ದಶಕದ ಕೊನೆಯಲ್ಲಿ ವಿಶ್ವಬ್ಯಾಂಕಿನ ನೆರವಿಂದ 'ತರಬೇತಿ ಮತ್ತು ಭೇಟಿ' ಅನ್ನೋ ಪದ್ಧತಿ ಬಂತು. ಹಳ್ಳಿಯ ಕೃಷಿ ಸಹಾಯಕರಿಗೆ ಹದಿನೈದು ದಿನಕ್ಕೊಮ್ಮೆ ತರಬೇತಿ. ಉಳಿದ ದಿನಗಳಲ್ಲಿ ಇಂಥ ದಿನ ಇಂಥ ಊರು ಅಂತ ಗೊತ್ತು ಮಾಡಿದ ಎಂಟು ಗುಂಪುಗಳಿಗೆ ಭೇಟಿ. ನಾನಾಗ ಹುಡುಗ. ಸೈಕಲ್ಲಲ್ಲಿ ಬರುವ ಸಹಾಯಕರನ್ನು ನಮ್ಮಪ್ಪ ಹೊಲದ ಬದುವಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. "ಮುಂದಿನ ಬಾರಿ ಹೇಳ್ತೀನಿ ಗೌಡ್ರೆ" ಅಂತ ಅವರು ಬರಕೊಂಡು ಹೋಗೋರು. ಆ ಪ್ರಶ್ನೆ ತಜ್ಞರ ಹತ್ತಿರ ಹೋಗಿ ಉತ್ತರ ಬರುತ್ತಿತ್ತು.

ಆ ಪದ್ಧತಿಯಲ್ಲಿ ಕೊರತೆ ಬೇಕಾದಷ್ಟಿತ್ತು. ಗೊಬ್ಬರ, ಹೊಸ ತಳಿಯ ಮಾತೇ ಜಾಸ್ತಿ, ನಮ್ಮಂಥ ಮಳೆಯಾಶ್ರಿತರಿಗೆ ಹೇಳಲು ಅವರ ಹತ್ತಿರ ಹೆಚ್ಚೇನೂ ಇರಲಿಲ್ಲ. ನೆರವು ನಿಂತ ಮೇಲೆ ಸೈಕಲ್ಲೂ ನಿಂತಿತು. ಆದರೆ ಕಲಿತವನು ಕೆಲಸಕ್ಕೆ ಹೋಗಿ, ಅಲ್ಲಿ ಎದ್ದ ಪ್ರಶ್ನೆ ಹೊತ್ತು ಮತ್ತೆ ಕಲಿಯಲು ಬರೋ ಆ ಚಕ್ರ ಇತ್ತಲ್ಲ, ಅದು ಸರಿ ಇತ್ತು. ಪಂಚಾಯ್ತಿ ನೌಕರರ ತರಬೇತಿಯಲ್ಲಿ ನನಗೆ ಕಾಣದೆ ಇರೋದು ಅದೇ. ಹಾಜರಿ ಸಹಿ ಆಯ್ತು, ಫೋಟೋ ಆಯ್ತು, ಮುಗೀತು. ಕಲಿತವರು ಮಾರನೇ ತಿಂಗಳು ಏನು ಮಾಡುತ್ತಿದ್ದಾರೆ, ಯಾಕೆ ಮಾಡುತ್ತಿಲ್ಲ ಅಂತ ನೋಡಲು ಯಾರೂ ಬರಲ್ಲ. ತಿಂಗಳಿಗೆ ಒಂದು ದಿನ ಹೋಬಳಿಯ ನೀರುಗಂಟಿಗಳೆಲ್ಲ ಒಂದೊಂದು ಊರಿನ ಟ್ಯಾಂಕಿನ ಹತ್ತಿರ ಸೇರಿ, ಒಬ್ಬ ಇಂಜಿನಿಯರ್ ಬಂದರೆ ಸಾಕು. ಬಸ್ಸಿನ ದುಡ್ಡು, ಊಟ ಇಷ್ಟೇ ಖರ್ಚು.

ಹಾಗೆ ಹೇಳುವಾಗ ನೀರುಗಂಟಿಯ ಸಂಬಳದ ಮಾತೂ ಬರುತ್ತೆ. ಹಿಂದೆ ಏಳೆಂಟು ತಿಂಗಳು ಬಾಕಿ ಉಳಿಸಿಕೊಂಡು, ಅದೇ ಮನುಷ್ಯನಿಗೆ ಶಿಸ್ತಿನ ಪಾಠ ಹೇಳಿದ ಪಂಚಾಯ್ತಿಗಳಿದ್ದವು. ಈಗ ಸಂಬಳ ಖಾತೆಗೆ ಬರುವ ವ್ಯವಸ್ಥೆಯಿದೆ. ಹೊಟ್ಟೆ ತುಂಬಿದ ಮೇಲೇ ಪಾಠ ಹಿಡಿಸೋದು.

ಗ್ರಾಮಸಭೆಗೆ ಹೋದಾಗ

ನಾವು ಗ್ರಾಮಸಭೆಯಲ್ಲಿ ಮನೆ, ರಸ್ತೆ, ದೀಪ ಕೇಳ್ತೀವಿ. ಈ ಸಲ ಹೋದಾಗ ನೀರುಗಂಟಿಯ ಪುಸ್ತಕ ತರಿಸಿ ನೋಡಿ. ಪುಡಿ ಹಾಕಿದ ದಿನ, ತೂಕ, ಕೊನೇ ನಲ್ಲಿಯ ಬಣ್ಣ ಅದರಲ್ಲಿ ಬರೆದಿದೆಯೇ? ಪುಸ್ತಕವೇ ಇಲ್ಲವೆಂದರೆ ಕಲಿಸಿಲ್ಲ ಅಂತ ಅರ್ಥ. ಇಡೀ ತಿಂಗಳು ಒಂದೇ ಶಾಯಿಯಲ್ಲಿ, ಒಂದೇ ಅಂಕಿ ಇದ್ದರೆ ಕೂತು ಬರೆದದ್ದು ಅಂತ ಅರ್ಥ. ಬೈಯಬೇಡಿ. ಕಳೆದ ಐದು ವರ್ಷದಲ್ಲಿ ಯಾರು ಯಾರನ್ನು ಯಾವ ತರಬೇತಿಗೆ ಕಳಿಸಿದಿರಿ ಅಂತ ಪಿಡಿಒ ಅವರನ್ನು ಕೇಳಿ ನಡಾವಳಿಯಲ್ಲಿ ಬರೆಸಿ. ನಮ್ಮಲ್ಲಿ ಹಾಗೆ ಬರೆಸಿದ ಮೇಲೆ ಹಳದಿ ಸೀಸೆ ವರ್ಷಕ್ಕೆ ಸಾಕಾಗುವಷ್ಟು ಒಟ್ಟಿಗೇ ಬರುತ್ತಿದೆ.

ಹಟ್ಟಿಯ ನೀರುಗಂಟಿಗೆ ಈಗ ಅರವತ್ತರ ಹತ್ತಿರ. ಮುಂದಿನ ವರ್ಷ ಅವರ ಜಾಗಕ್ಕೆ ಬರುವ ಹುಡುಗ ಎರಡು ತಿಂಗಳಿಂದ ಜೊತೆಯಲ್ಲಿ ತಿರುಗುತ್ತಿದ್ದಾನೆ. ಲೋಟದ ಮೇಲಿನ ಗೆರೆ ಮಾಸಿತ್ತು. ಹೋದ ವಾರ ಅಂಗಡಿ ತಕ್ಕಡಿಯಲ್ಲಿ ಪುಡಿ ತೂಗಿ ಹುಡುಗನ ಕೈಯಲ್ಲೇ ಹೊಸ ಗೆರೆ ಹಾಕಿಸಿದರು. ಮೋಟಾರಿನ ಪಾಠ ಇನ್ನೂ ಬಾಕಿ ಇದೆ. ಆ ಇಂಜಿನಿಯರಿಗೆ ಈಗ ಓಡಾಡಲು ಆಗಲ್ಲ. ಬೇರೆ ಒಬ್ಬರನ್ನು ಕಳಿಸಿಕೊಡಿ ಅಂತ ನೀರು ಸಮಿತಿಯಿಂದ ತಾಲ್ಲೂಕು ಪಂಚಾಯ್ತಿಗೆ ಅರ್ಜಿ ಕೊಟ್ಟು ಬಂದಿದ್ದೇವೆ.